ಮೂವತ್ತು ಡಿಗ್ರಿಯೋ, ಮೂವತ್ತೆರಡೋ?

ಬಿ.ಎಸ್ಸಿ. ಮುಗಿಸಿ ಎಂಜಿನಿಯರಿಂಗ್ ಕಡೆ ಹೊರಟವರಿಗೆ ಮೊದಲು ಕಾಗದಪತ್ರದ ವಿಚಾರ ಹೇಳಿಬಿಡುತ್ತೇನೆ.

ಬಿ.ಇ. ಎರಡನೇ ವರ್ಷಕ್ಕೆ ನೇರವಾಗಿ ಸೇರಲು ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇಯ ನಿಯಮದಲ್ಲಿ ಅವಕಾಶವಿದೆ. ಪಿಯುಸಿಯಲ್ಲಿ ಗಣಿತ ಓದಿರಬೇಕು. ಮೊದಲ ವರ್ಷದ ಡ್ರಾಯಿಂಗ್, ಮೆಕ್ಯಾನಿಕ್ಸ್ ಎರಡನ್ನೂ ಎರಡನೇ ವರ್ಷದ ವಿಷಯಗಳ ಜೊತೆಗೇ ಪಾಸು ಮಾಡಿಕೊಳ್ಳಬೇಕು. ನಿಮ್ಮ ರಾಜ್ಯದಲ್ಲಿ ಸೀಟು ಕೊಡುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಇನ್ನೊಂದು ದಾರಿ ಎಂ.ಎಸ್ಸಿ. ಮಾಡಿ, ಎಂ.ಟೆಕ್. ಪ್ರವೇಶಕ್ಕಿರುವ ಗೇಟ್ ಪರೀಕ್ಷೆ ಬರೆದು, ಎಂ.ಟೆಕ್. ಸೇರುವುದು. ಗೇಟ್ ಅಂಕ 3 ವರ್ಷ ನಡೆಯುತ್ತದೆ. ಆದರೆ ಒಂದು ಕೊಕ್ಕೆ ಇದೆ: ಸರ್ಕಾರಿ ಉದ್ಯಮದ ನೇಮಕಾತಿ ಪ್ರಕಟಣೆಯಲ್ಲಿ ‘ಬಿ.ಇ./ಬಿ.ಟೆಕ್.’ ಎಂದಷ್ಟೇ ಇದ್ದರೆ, ಎಂ.ಟೆಕ್. ಇದ್ದರೂ ಅರ್ಜಿ ಬಿದ್ದುಹೋಗಬಹುದು. ಎಎಂಐಇ (ಎಂಜಿನಿಯರುಗಳ ಸಂಸ್ಥೆ ನಡೆಸುವ ಪರೀಕ್ಷೆ) ಮಾಡು ಎನ್ನುವ ಹಿರಿಯರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. 2013ರ ಮೇ 31ರ ನಂತರ ಸೇರಿದವರಿಗೆ ಅದು ಬಿ.ಇ.ಗೆ ಸಮ ಅಲ್ಲ ಎಂದು ಅವರಿಗೆ ತಿಳಿಸಿ.

ಕಾಗದಪತ್ರ ಹೇಗೋ ಆಗುತ್ತದೆ, ನಿಜವಾದ ಕಷ್ಟ ಇರುವುದು ಪ್ರಯೋಗದ ಮೇಜಿನ ಮೇಲೆ. ಉಷ್ಣತೆ ಅಳೆಯುವ ಎಲ್‌ಎಂ35 ಸೆನ್ಸರ್ ಒಂದನ್ನು ಆರ್ಡುಯಿನೊ ಊನೊ ಎಂಬ, ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡಿಗೆ ಜೋಡಿಸಿ. ಸೆನ್ಸರ್ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 30 ಡಿಗ್ರಿಗೆ 300. ಬೋರ್ಡಿನ 10 ಬಿಟ್ ಎಡಿಸಿ, ಅಂದರೆ ವೋಲ್ಟೇಜನ್ನು ಎಣಿಕೆಯಾಗಿಸುವ ಭಾಗ, 5 ವೋಲ್ಟನ್ನು 1024 ಪಾಲು ಮಾಡುತ್ತದೆ, ಒಂದೊಂದು ಪಾಲೂ ಸುಮಾರು 4.9 ಮಿಲಿವೋಲ್ಟ್. ಎಂದರೆ ಅರ್ಧ ಡಿಗ್ರಿಗಿಂತ ಸಣ್ಣ ವ್ಯತ್ಯಾಸ ಕಾಣುವುದೇ ಇಲ್ಲ. ಎಡಿಸಿ 61 ಎನ್ನುತ್ತದೆ, ಪರದೆಯ ಮೇಲೆ 29.8 ಬರುತ್ತದೆ. ಲ್ಯಾಬ್ ರೆಕಾರ್ಡಿಗೆ ಇಷ್ಟು ಸಾಕು, ಸಹಿಯೂ ಬೀಳುತ್ತದೆ.

ಈಗ ಅದೇ ಬೋರ್ಡನ್ನು ಉದ್ದದ, ಸಪೂರ ಯುಎಸ್‌ಬಿ ಕೇಬಲಿಗೆ ಹಾಕಿ. ಸಪ್ಲೈ 4.7 ವೋಲ್ಟಿಗೆ ಇಳಿಯಿತು ಎಂದುಕೊಳ್ಳಿ. ಎಡಿಸಿಗೆ ಅಳತೆಗೋಲೇ ಸಪ್ಲೈ. ಗೋಲು ಕುಗ್ಗಿತು, ಎಣಿಕೆ 65ಕ್ಕೆ ಏರಿತು. ಪ್ರೋಗ್ರಾಂ ಇನ್ನೂ 5 ವೋಲ್ಟ್ ಎಂದೇ ನಂಬಿಕೊಂಡು 31.7 ತೋರಿಸುತ್ತದೆ. ಕೋಣೆ ಬಿಸಿಯಾಗಿಲ್ಲ, ಸೆನ್ಸರ್ ಕೆಟ್ಟಿಲ್ಲ, ಸೂತ್ರವೂ ತಪ್ಪಿಲ್ಲ. ಇಲ್ಲಿ ಬಹಳ ಮಂದಿ ಸೆನ್ಸರ್ ಬದಲಿಸಿ ದುಡ್ಡು ಕಳೆಯುತ್ತಾರೆ.

ಮಲ್ಟಿಮೀಟರ್ ತೆಗೆದು ಬೋರ್ಡಿನ 5ವಿ ಪಿನ್ ಅಳೆಯಿರಿ. ಆಮೇಲೆ ಎಡಿಸಿಯ ಅಳತೆಗೋಲನ್ನು, ಅಂದರೆ ರೆಫರೆನ್ಸನ್ನು, ಸಪ್ಲೈಯಿಂದ ಚಿಪ್‌ನೊಳಗಿನ 1.1 ವೋಲ್ಟಿಗೆ ಬದಲಿಸಿ. ಪಾಲು ಸುಮಾರು 1.07 ಮಿಲಿವೋಲ್ಟಿಗೆ ಇಳಿಯುತ್ತದೆ, ಡಿಗ್ರಿಯ ಹತ್ತನೇ ಒಂದು ಭಾಗ ಕಾಣುತ್ತದೆ, ಸಪ್ಲೈ ತುಸು ಏರಿಳಿದರೂ ಅಂಕಿ ಅಲುಗುವುದಿಲ್ಲ. ಇದಕ್ಕೆ ತೆರುವ ಬೆಲೆ ಏನು? 110 ಡಿಗ್ರಿಯ ಮೇಲೆ ಅಳೆಯಲಾಗದು. ಅಲ್ಲದೆ ಆ ‘1.1’ ಚಿಪ್‌ನಿಂದ ಚಿಪ್‌ಗೆ 1.0ರಿಂದ 1.2ರವರೆಗೆ ಇರಬಹುದೆಂದು ಚಿಪ್ ತಯಾರಕರ ವಿವರಪತ್ರ, ಡೇಟಾಶೀಟೇ ಹೇಳುತ್ತದೆ. ಆದ್ದರಿಂದ ಬೋರ್ಡಿನಲ್ಲಿ ಈ ರೆಫರೆನ್ಸ್ ಸಿಗುವ ಎಆರ್‌ಇಎಫ್ ಪಿನ್ನಿನಲ್ಲಿ ಒಮ್ಮೆ ಅಳೆದು, ಆ ಅಂಕಿಯನ್ನೇ ಪ್ರೋಗ್ರಾಮಿಗೆ ಹಾಕಬೇಕು.

ವರ್ನಿಯರ್ ಹಿಡಿದು ಎರರ್ ಲೆಕ್ಕ ಹಾಕಿದವರಿಗೆ ಇದು ಹೊಸದಲ್ಲ. ಅಲ್ಲಿ ತಪ್ಪಿನ ಲೆಕ್ಕ ಉತ್ತರ ಬಂದ ಮೇಲೆ. ಇಲ್ಲಿ ಬಿಡಿಭಾಗ ಕೊಳ್ಳುವ ಮೊದಲು. ಸಂದರ್ಶನಕ್ಕೆ ಹೋಗುವಾಗ ಓಡುವ ಬೋರ್ಡಿನ ಜೊತೆ ಒಂದು ಹಾಳೆ ಇರಲಿ: ಸಪ್ಲೈ 4.5, 4.7, 5.0 ಇದ್ದಾಗ ಎರಡೂ ರೆಫರೆನ್ಸಿನಲ್ಲಿ ಬಂದ ಅಂಕಿಗಳು, ಪಕ್ಕದಲ್ಲಿ ಥರ್ಮಾಮೀಟರಿನ ಓದು.