ಘಾಟಿ ಇಳಿಯುವಾಗ ಇಳಿದ ಚಾರ್ಜು

ಕೇಳುಗರೇ, ನಮಸ್ಕಾರ.

ಹೋದ ಮಳೆಗಾಲದಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಹಗಲು ರೈಲಿನಲ್ಲಿ ಹೊರಟಿದ್ದೆ. ಹಾಸನ ದಾಟುವಾಗ ಫೋನಿನಲ್ಲಿ ಮುಕ್ಕಾಲು ಪಾಲು ಚಾರ್ಜು ಇತ್ತು. ಸಕಲೇಶಪುರ ಬಂತು, ಘಾಟಿ ಶುರುವಾಯಿತು. ಫೋನನ್ನು ಜೇಬಿಗೆ ಹಾಕಿ ಕಿಟಕಿ ಪಕ್ಕ ಕೂತೆ. ಮಂಜು, ಹಸಿರು, ಬಂಡೆ ಮೇಲಿಂದ ಸುರಿಯುವ ನೀರು. ಫೋನಿನ ನೆನಪೇ ಬರಲಿಲ್ಲ. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಬಂದಾಗ, ಮನೆಗೊಂದು ಮಾತು ಹೇಳೋಣ ಅಂತ ಹೊರಗೆ ತೆಗೆದರೆ ಚಾರ್ಜು ಅರ್ಧಕ್ಕಿಂತ ಕೆಳಗೆ ಬಂದಿತ್ತು. ಮೈ ಬೇರೆ ಬೆಚ್ಚಗಾಗಿತ್ತು. ಮುಟ್ಟದೇ ಇದ್ದ ಫೋನು ಇಷ್ಟು ದಣಿದದ್ದು ಹೇಗೆ?

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರ್. ಅದರೊಳಗೆ 57 ಸುರಂಗ. ಉಳಿದದ್ದೆಲ್ಲ ಕಾಡು. ಟವರ್ ಸಿಗುತ್ತದೆ, ಹೋಗುತ್ತದೆ, ಮತ್ತೆ ಸಿಗುತ್ತದೆ. ಫೋನು ಸುಮ್ನೆ ಕೂರುವುದಿಲ್ಲ, ಹುಡುಕುತ್ತಲೇ ಇರುತ್ತದೆ. ಗದ್ದೆಯ ಆಚೆ ದಡದಲ್ಲಿ ಇರುವವರನ್ನು ಕರೆಯಬೇಕಾದರೆ ನಾವು ಗಂಟಲು ಎತ್ತುತ್ತೇವಲ್ವಾ? ದೂರದ ಟವರಿಗೆ ತನ್ನ ದನಿ ಮುಟ್ಟಲಿ ಅಂತ ಫೋನೂ ಹಾಗೆಯೇ ಜೋರಾಗಿ ಕೂಗುತ್ತದೆ. ಆ ಕೂಗಿಗೆ ಖರ್ಚಾಗುವುದು ಬ್ಯಾಟರಿ.

ಇದಕ್ಕೆ ಮದ್ದು ಏರೋಪ್ಲೇನ್ ಮೋಡ್. ಅದನ್ನು ಹಾಕಿದರೆ ಫೋನು ಟವರ್ ಹುಡುಕುವುದನ್ನೇ ನಿಲ್ಲಿಸುತ್ತದೆ. ಹೆಸರು ವಿಮಾನದ್ದು, ಆದರೆ ನಮ್ಮ ಕಡೆ ಅದು ಜಾಸ್ತಿ ಉಪಯೋಗಕ್ಕೆ ಬರುವುದು ಘಾಟಿಯ ಬಸ್ಸು, ರೈಲುಗಳಲ್ಲೇ. ಅದು ಆನ್ ಇರುವಷ್ಟು ಹೊತ್ತು ಕರೆ ಬರುವುದಿಲ್ಲ, ನಿಜ. ಸುರಂಗದೊಳಗೆ ಹೇಗೂ ಬರುವುದಿಲ್ಲವಲ್ಲ!

ಮಲೆನಾಡಿನ ಎಷ್ಟೋ ಮನೆಗಳಲ್ಲಿ ವೈಫೈ ಇದೆ, ಆದರೆ ಮಾತಾಡಲು ಟವರಿಗಾಗಿ ಅಂಗಳದ ಮೂಲೆಗೆ ಓಡಬೇಕು. ಅಂಥ ಮನೆಯಲ್ಲಿ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಒಂದನ್ನು ಮತ್ತೆ ಆನ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಅಂತ ಇರುತ್ತದೆ. ನಿಮ್ಮ ಫೋನಿನಲ್ಲಿ ಆ ಸೌಲಭ್ಯ ಇದ್ದು, ಸಿಮ್ ಕಂಪನಿಯೂ ಅದನ್ನು ಕೊಟ್ಟಿದ್ದರೆ, ಮಾಮೂಲಿ ಕರೆಗಳೇ ವೈಫೈ ಮೇಲೆ ಬರುತ್ತವೆ. ಫೋನಿನ ಕೂಗಾಟವೂ ನಿಲ್ಲುತ್ತದೆ, ನಿಮ್ಮ ಓಡಾಟವೂ.

5ಜಿ ಗುರುತು ಒಂದು ಗಳಿಗೆ ಬಂದು ಒಂದು ಗಳಿಗೆ ಹೋಗುವ ಊರಾದರೆ, ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 4ಜಿಗೆ ಇಳಿಸಿಬಿಡಿ. ಯಾವತ್ತೋ ಆಫರ್‌ಗೆ ಅಂತ ತೆಗೆದುಕೊಂಡ ಎರಡನೇ ಸಿಮ್ ಇದೆಯಾ? ಅದನ್ನೂ ಆಫ್ ಮಾಡಿ. ಒಂದರ ಜೊತೆ ಅದೂ ಟವರ್ ಹುಡುಕುತ್ತಿರುತ್ತದೆ.

ಈಗ ಪರದೆಯ ವಿಷಯ. ನಮ್ಮ ಮನೆಯಲ್ಲಿ ಒಬ್ಬರು ಇದ್ದಾರೆ, ಹೆಸರು ಬೇಡ. ಬ್ಯಾಟರಿ ಉಳಿಯಲಿ ಅಂತ ಬ್ಲೂಟೂತ್ ಅನ್ನು ದಿನಕ್ಕೆ ಹತ್ತು ಸಲ ಆಫ್ ಮಾಡುತ್ತಾರೆ. ಪರದೆಯ ಬೆಳಕು ಮಾತ್ರ ತೇರಿನ ದೀಪದ ಹಾಗೆ! ಸುಮ್ಮನಿರುವ ಬ್ಲೂಟೂತ್ ತಿನ್ನುವುದು ಬಹಳ ಕಡಿಮೆ. ಉರಿಯುವ ಪರದೆಯೇ ದೊಡ್ಡ ಹೊಟ್ಟೆಬಾಕ. ಬಿಸಿಲಿಗೆ ಹೋದಾಗ ಬೆಳಕು ಏರಿಸುತ್ತೇವೆ, ಒಳಗೆ ಬಂದಮೇಲೆ ಇಳಿಸುವುದು ಮರೆತುಹೋಗುತ್ತದೆ. ಆಟೋ ಬ್ರೈಟ್‌ನೆಸ್ ಹಾಕಿದರೆ ಆ ಕೆಲಸ ಫೋನಿನದ್ದು. ಪರದೆ ತಾನಾಗಿ ಆರುವ ಸಮಯವನ್ನು 30 ಸೆಕೆಂಡಿಗೆ ಇಳಿಸಿ. ಫೋನು ಟೇಬಲ್ ಮೇಲಿಟ್ಟು ನೀವು ಒಲೆ ನೋಡಲು ಹೋದಾಗ ಅದು ಗೋಡೆಗೆ ಬೆಳಕು ಬಿಡುತ್ತಾ ಕೂರುವುದು ಬೇಡ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ 120 ಅಂತ ಇದ್ದರೆ 60ಕ್ಕೆ ತನ್ನಿ. ಚಿತ್ರ ಸೆಕೆಂಡಿಗೆ 120 ಸಲದ ಬದಲು 60 ಸಲ ಬದಲಾಗುತ್ತದೆ, ಅಷ್ಟೇ. ಎರಡು ದಿನಕ್ಕೆ ಕಣ್ಣು ಹೊಂದಿಕೊಳ್ಳುತ್ತದೆ.

ಪರದೆಯ ಹಿನ್ನೆಲೆಯನ್ನು ಕಪ್ಪಾಗಿಸುವ ಡಾರ್ಕ್ ಮೋಡ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದು ಎಲ್ಲ ಫೋನಿಗೂ ಒಂದೇ ಅಲ್ಲ. ಓಲೆಡ್ ಪರದೆಯಲ್ಲಿ ಕಪ್ಪು ಜಾಗದ ಚುಕ್ಕಿಗಳು ನಿಜವಾಗಿಯೂ ಆರಿರುತ್ತವೆ, ಆದ್ದರಿಂದ ಉಳಿತಾಯ ಉಂಟು. ಎಲ್‌ಸಿಡಿ ಪರದೆಯಲ್ಲಿ ಹಿಂದೆ ದೀಪ ಉರಿಯುತ್ತಲೇ ಇರುತ್ತದೆ, ಮುಂದೆ ಕಪ್ಪು ತೆರೆ ಎಳೆದ ಹಾಗೆ. ನಿಮ್ಮದು ಯಾವುದು ಅಂತ ತಿಳಿಯಬೇಕಾದರೆ, ರಾತ್ರಿ ದೀಪ ಆರಿಸಿ ಪೂರ್ತಿ ಕಪ್ಪಾದ ಒಂದು ಚಿತ್ರ ತೆರೆಯಿರಿ. ಮಂಕು ಬೂದಿ ಬೆಳಕು ಕಂಡರೆ ಅದು ಎಲ್‌ಸಿಡಿ.

ಇಷ್ಟು ಹೇಳಿದೆನಲ್ಲ, ಇದನ್ನೆಲ್ಲ ಒಟ್ಟಿಗೆ ಮಾಡಲು ಹೋಗಬೇಡಿ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಅನ್ನುವಲ್ಲಿಗೆ ಹೋಗಿ. ಯಾರು ಎಷ್ಟು ತಿಂದರು ಅಂತ ಅಲ್ಲಿ ಪಟ್ಟಿ ಇರುತ್ತದೆ. ಕಿರಾಣಿ ಅಂಗಡಿಯ ಸಾಲದ ಪುಸ್ತಕ ಇದ್ದ ಹಾಗೆ. ನೀವು ಹತ್ತು ನಿಮಿಷ ನೋಡಿದ ಆ್ಯಪ್ ಪಟ್ಟಿಯ ಮೇಲ್ಗಡೆ ಕೂತಿದ್ದರೆ ಅದು ಹಿಂಬದಿಯಲ್ಲಿ ಏನೋ ಮಾಡುತ್ತಿದೆ ಅಂತಲೇ ಲೆಕ್ಕ. ಲೊಕೇಶನ್ ಅನುಮತಿ 'ಯಾವಾಗಲೂ' ಅಂತ ಕೊಟ್ಟಿದ್ದರೆ 'ಬಳಸುವಾಗ ಮಾತ್ರ' ಅಂತ ಬದಲಿಸಿ. ಹಿಂಬದಿಯ ಬಳಕೆಯನ್ನೂ ತಡೆಯಬಹುದು. ಆದರೆ ಮೆಸೇಜಿನ ಆ್ಯಪಿಗೆ ಹೀಗೆ ಮಾಡಿದರೆ ಮೆಸೇಜು ತಡವಾಗಿ ಬಂದೀತು. ನಾನು ಹಾಗೆ ಮಾಡಿ, ಒಂದು ಗೃಹಪ್ರವೇಶದ ಊಟ ತಪ್ಪಿಸಿಕೊಂಡಿದ್ದೇನೆ.

ಗಳಿಗೆಗೊಮ್ಮೆ ಎಲ್ಲ ಆ್ಯಪ್‌ಗಳನ್ನು ಮೇಲಕ್ಕೆ ತಳ್ಳಿ ಮುಚ್ಚುವ ಚಟ ಬೇಡ. ಮುಚ್ಚಿದ್ದನ್ನು ಮತ್ತೆ ಮೊದಲಿಂದ ತೆರೆಯಲು ಜಾಸ್ತಿ ಶಕ್ತಿ ಬೇಕು. ಬಳಸದ ಆ್ಯಪ್‌ಗಳನ್ನು ಮಲಗಿಸುವ ಏರ್ಪಾಡು ಆ್ಯಂಡ್ರಾಯ್ಡ್‌ನಲ್ಲಿ 2018ರಿಂದಲೇ ಇದೆ. ಅದರ ಹೆಸರು ಅಡಾಪ್ಟಿವ್ ಬ್ಯಾಟರಿ. ಅದು ಆನ್ ಇದೆಯಾ ಅಂತ ನೋಡಿದರೆ ಸಾಕು.

ದಿನದ ಚಾರ್ಜು ಬೇರೆ, ಬ್ಯಾಟರಿಯ ಆಯಸ್ಸು ಬೇರೆ. ನಮ್ಮ ಫೋನುಗಳಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಅದನ್ನು ರೂಪಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಆದರೂ ನಾವಿನ್ನೂ ಹಳೆಯ ನಿಕಲ್ ಬ್ಯಾಟರಿ ಕಾಲದ ಮಾತನ್ನೇ ಹಿಡಿದಿದ್ದೇವೆ: ಪೂರ್ತಿ ಖಾಲಿ ಮಾಡು, ಪೂರ್ತಿ ತುಂಬಿಸು. ಲಿಥಿಯಂಗೆ ಎರಡೂ ತುದಿ ಇಷ್ಟವಿಲ್ಲ. ಈಗಿನ ಹಲವು ಫೋನುಗಳಲ್ಲಿ ಶೇಕಡಾ 80ಕ್ಕೆ ಚಾರ್ಜು ನಿಲ್ಲಿಸುವ ಸೆಟ್ಟಿಂಗ್ ಇದೆ. ಮನೆಯಲ್ಲೇ ಇರುವ ದಿನ ಅದನ್ನು ಹಾಕಿಡಿ. ಪ್ರಯಾಣದ ದಿನ ತೆಗೆದು ತುಂಬಿಸಿ.

ಇನ್ನು ಬಿಸಿ. 35 ಡಿಗ್ರಿ ದಾಟಿದ ಜಾಗದಲ್ಲಿ ಫೋನು ಬಳಸಬೇಡಿ ಅಂತ ಆ್ಯಪಲ್ ಕಂಪನಿ ಹೇಳುತ್ತದೆ. ಕಲಬುರಗಿ, ರಾಯಚೂರಿನವರು ಇದನ್ನು ಕೇಳಿ ನಗುತ್ತಿರಬಹುದು. ಅಲ್ಲಿ ಬೇಸಿಗೆಯ ನೆರಳೇ 40 ದಾಟುತ್ತದೆ. ಕಡೇಪಕ್ಷ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಫೋನು ಬಿಡಬೇಡಿ. ಚಾರ್ಜಿಗೆ ಇಟ್ಟಾಗ ಬಿಸಿಯಾದರೆ ಕವರ್ ಕಳಚಿ. ದಿಂಬಿನ ಕೆಳಗಂತೂ ಬೇಡವೇ ಬೇಡ.

ನೀವು ಈ ಮಾತನ್ನು ಫೋನಿನ ಆ್ಯಪಿನಲ್ಲೇ ಕೇಳುತ್ತಿದ್ದರೆ ಪರದೆ ಆರಿಸಿ ಕೇಳಬಹುದಿತ್ತು. ನನ್ನ ಮುಖವೇನೂ ಅದರಲ್ಲಿ ಕಾಣುತ್ತಿರಲಿಲ್ಲ. ನಮಸ್ಕಾರ.