ಒಂದು ಪಾತ್ರೆ, ಒಂದು ಚೀಲ: ಮನೆಯಲ್ಲೇ ಬಿಯರ್

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಬಿಯರ್ ಮಾಡಬೇಕು ಅಂತ ಹೊರಟವರು ಮೊದಲು ಹೆದರುವುದು ಸಾಮಾನಿಗೆ. ಮೂರು ಪಾತ್ರೆ, ಪಂಪು, ಪೈಪು, ನಲ್ಲಿ. ಆ ಚಿತ್ರ ನೋಡಿಯೇ ಅರ್ಧ ಜನ ಕೈಬಿಡುತ್ತಾರೆ. ಅದ್ಯಾವುದೂ ಬೇಡ. ಒಂದು ದೊಡ್ಡ ಪಾತ್ರೆ, ಅದರೊಳಗೆ ಪೂರ್ತಿ ಕೂರುವ ಬಟ್ಟೆಯ ಚೀಲ, ಒಂದು ಥರ್ಮಾಮೀಟರ್ ಇದ್ದರೆ ಅಡುಗೆ ಶುರು ಮಾಡಬಹುದು. ಬ್ರೂ ಇನ್ ಎ ಬ್ಯಾಗ್ ಎನ್ನುವ ಈ ವಿಧಾನವನ್ನು 2000ರ ದಶಕದಲ್ಲಿ ರೂಢಿಗೆ ತಂದವರು ಆಸ್ಟ್ರೇಲಿಯಾದ ಮನೆ ಬ್ರೂವರ್‌ಗಳು. ಕಾಳನ್ನು ಚೀಲದಲ್ಲಿ ನೆನೆಹಾಕು, ಚೀಲ ಎತ್ತು, ಉಳಿದ ರಸವನ್ನು ಅದೇ ಪಾತ್ರೆಯಲ್ಲಿ ಕುದಿಸು. ಇಷ್ಟೇ ವಿಧಾನ.

ಶುರುವಿಗೇ ಒಂದು ಮಾತು ಹೇಳಿಬಿಡುತ್ತೇನೆ. ಇದನ್ನೇ ಇನ್ನೂ ನಾಲ್ಕು ಸಲ ಹೇಳುವವನಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಒಲೆ ಆರಿದ ಮೇಲೆ ಬಿಯರನ್ನು ಮುಟ್ಟುವ ಪ್ರತಿಯೊಂದೂ ಸೋಂಕು ಕಳೆದಿರಬೇಕು. ಪ್ರತಿಯೊಂದೂ. ಮಿಕ್ಕದ್ದರಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಕುಡಿಯುವಂಥ ಬಿಯರ್ ಆಗುತ್ತದೆ. ಇಲ್ಲಿ ತಪ್ಪಿದರೆ ಚರಂಡಿಗೇ ಸುರಿಯಬೇಕು.

ಪೆನ್ನು ಕಾಗದ ಇದ್ದರೆ ತೆಗೆದುಕೊಳ್ಳಿ. ಮೊದಲ ಸಲಕ್ಕೆ 10 ಲೀಟರ್ ಸಾಕು. 20 ಲೀಟರ್ ಹಿಡಿಯುವ ಪಾತ್ರೆ ಬೇಕು, ಅದಕ್ಕಿಂತ ಚಿಕ್ಕದು ಬೇಡ. ಪುಡಿ ಮಾಡಿದ ಪೇಲ್ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ತಿಳಿ ಬಣ್ಣದ ಬಾರ್ಲಿ ಕಾಳು, 2.2 ಕಿಲೋ; ಬಣ್ಣಕ್ಕೂ ಸ್ವಲ್ಪ ಸಿಹಿಗೂ ಕ್ರಿಸ್ಟಲ್ ಮಾಲ್ಟ್ 150 ಗ್ರಾಂ. ಹಾಪ್ಸ್, ಅಂದರೆ ಬಿಯರಿಗೆ ಕಹಿ, ಪರಿಮಳ ಕೊಡುವ ಒಣ ಹೂವು, ಒಟ್ಟು 30 ಗ್ರಾಂ, ಕಹಿ ಕೊಡುವ ಆಲ್ಫಾ ಆಮ್ಲ ಶೇಕಡಾ 6ರ ಆಸುಪಾಸಿನದು; ಈ ಅಂಕಿ ಪ್ಯಾಕೆಟ್ ಮೇಲೆ ಅಚ್ಚಾಗಿರುತ್ತದೆ. ಒಣ ಏಲ್ ಯೀಸ್ಟ್ 6 ಗ್ರಾಂ, ಅಂದರೆ 11.5 ಗ್ರಾಂ ಪ್ಯಾಕೆಟ್ಟಿನಲ್ಲಿ ಅರ್ಧ. ನೀರು 15.5 ಲೀಟರ್. ಇಷ್ಟೊಂದು ನೀರು ಯಾಕೆ ಅಂದರೆ, ಹಿಂಡಿದ ಮೇಲೂ ಕಾಳು ಸುಮಾರು ಒಂದೂವರೆ ಲೀಟರ್ ಕುಡಿದಿಟ್ಟುಕೊಳ್ಳುತ್ತದೆ, ಒಂದು ಗಂಟೆಯ ಕುದಿತದಲ್ಲಿ ಮೂರು ಲೀಟರ್ ಆವಿಯಾಗುತ್ತದೆ, ತಳದ ಗಸಿಗೆ ಅರ್ಧ ಲೀಟರ್ ಹೋಗುತ್ತದೆ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಬಿಯರಿಗೆ ಔಷಧಿಯ ವಾಸನೆ ಬರುತ್ತದೆ, ಬ್ಯಾಂಡೇಜು ಮೂಸಿದ ಹಾಗೆ. ಕುದಿಸಿದರೆ ಕ್ಲೋರಿನ್ ಹೋಗುತ್ತದೆ, ಕೆಲವು ಕಡೆ ನೀರಿಗೆ ಅದರ ಬದಲು ಹಾಕುವ ಕ್ಲೋರಮೀನ್ ಹೋಗುವುದಿಲ್ಲ. ಬ್ರೂವರ್‌ಗಳು ಬಳಸುವ ಸಲ್ಫೈಟಿನ ಮಾತ್ರೆ ಕ್ಯಾಂಪ್ಡೆನ್, ಅದರ ಕಾಲು ತುಂಡನ್ನು ಪುಡಿ ಮಾಡಿ ಕದಡಿದರೆ ಎರಡೂ ಮಾಯ.

ಮಾಲ್ಟನ್ನು ಪುಡಿ ಮಾಡಿಸುವಾಗ ಒಂದು ಮಟ್ಟ ಸಣ್ಣಗೇ ಮಾಡಿಸಿ. ಚೀಲವೇ ಸೋಸುವುದರಿಂದ ಕಟ್ಟಿಕೊಳ್ಳುವ ಭಯವಿಲ್ಲ. ಬಿಯರ್ ತೆಳ್ಳಗಾಯಿತು ಅಂತ ದೂರುವವರಲ್ಲಿ ಹೆಚ್ಚಿನವರ ತೊಂದರೆ ಇಲ್ಲೇ ಇರುತ್ತದೆ. ಕಾಳು ಅರ್ಧಂಬರ್ಧ ಒಡೆದಿರುತ್ತದೆ, ಒಳಗಿನ ಪಿಷ್ಟಕ್ಕೆ ನೀರೇ ತಾಗಿರುವುದಿಲ್ಲ.

ನೀರನ್ನು 69 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಪಾತ್ರೆಯ ತಳಕ್ಕೆ ಒಂದು ತೂತಿನ ತಟ್ಟೆ ಕವುಚಿ ಹಾಕಿ, ಇಲ್ಲವಾದರೆ ಚೀಲ ಸುಟ್ಟು ತೂತು ಬೀಳುತ್ತದೆ. ಚೀಲವನ್ನು ಇಳಿಬಿಟ್ಟು, ಬಾಯಿಯನ್ನು ಪಾತ್ರೆಯ ಅಂಚಿಗೆ ಮಡಚಿ ಕ್ಲಿಪ್ಪು ಹಾಕಿ. ಇನ್ನು ಒಬ್ಬರು ಮಾಲ್ಟ್ ಸುರಿಯಬೇಕು, ಇನ್ನೊಬ್ಬರು ತಿರುವುತ್ತಿರಬೇಕು. ಒಮ್ಮೆಗೇ ಸುರಿದರೆ ಗಂಟು ಕಟ್ಟುತ್ತದೆ; ಹೊರಗೆ ಒದ್ದೆ, ಒಡೆದು ನೋಡಿದರೆ ಒಳಗೆ ಒಣ ಹಿಟ್ಟು. ಆ ಗಂಟುಗಳನ್ನೆಲ್ಲ ಪಾತ್ರೆಯ ಗೋಡೆಗೆ ಒತ್ತಿ ಒಡೆಯಿರಿ. ಮಾಲ್ಟ್ ಬಿದ್ದ ಮೇಲೆ ಶಾಖ 66ರ ಹತ್ತಿರಕ್ಕೆ ಇಳಿದಿರುತ್ತದೆ. ಒಲೆ ಆರಿಸಿ, ಮುಚ್ಚಳ ಹಾಕಿ, ದಪ್ಪ ಕಂಬಳಿ ಸುತ್ತಿ ಒಂದು ಗಂಟೆ ಬಿಡಿ.

ಆ ಒಂದು ಗಂಟೆಯಲ್ಲಿ ಮಾಲ್ಟಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಕತ್ತರಿಸುತ್ತವೆ. 63ರಲ್ಲಿ ಇಟ್ಟರೆ ಯೀಸ್ಟ್ ಪೂರ್ತಿ ತಿನ್ನಬಲ್ಲ ಸಕ್ಕರೆ ಹೆಚ್ಚು, ಬಿಯರ್ ಹಗುರ, ಒಣ. 69ರಲ್ಲಿ ಇಟ್ಟರೆ ಯೀಸ್ಟ್ ಬಿಟ್ಟುಬಿಡುವ ಸಕ್ಕರೆ ಹೆಚ್ಚು, ಬಾಯಿಗೆ ದಪ್ಪ. ಒಂದು ಗಂಟೆಯಲ್ಲಿ ಒಂದೆರಡು ಡಿಗ್ರಿ ಇಳಿದರೆ ಪ್ರಳಯವೇನೂ ಆಗುವುದಿಲ್ಲ, ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕಬೇಡಿ. 77 ದಾಟಿಸಿದರೆ ಮಾತ್ರ ಕಿಣ್ವಗಳ ಕಥೆ ಮುಗಿಯಿತು.

ಗಂಟೆ ಆಯಿತು. ಚೀಲ ಎತ್ತಿ. ಹುಷಾರು, ಒಳಗಿರುವುದು ಬಿಸಿ, ಭಾರ ಐದು ಕಿಲೋ ದಾಟಿರುತ್ತದೆ. ಪಾತ್ರೆಯ ಮೇಲೊಂದು ಜಾಲರಿ ಇಟ್ಟು ಅದರ ಮೇಲೆ ಕೂರಿಸಿ, ಮುಚ್ಚಳದಿಂದ ಒತ್ತಿ ಹಿಂಡಿ. ಹಿಂಡಿದರೆ ಒಗರು ಇಳಿಯುತ್ತದೆ ಅಂತ ಹೇಳುವವರಿದ್ದಾರೆ. ಒಗರು ಬರುವುದು ಅತಿ ಶಾಖದಿಂದ, ಕ್ಷಾರ ಹೆಚ್ಚಿದ ನೀರಿನಿಂದ. ಕೈಯಿಂದ ಹಿಂಡಿದ್ದಕ್ಕೆ ಯಾವ ಒಗರೂ ಬರುವುದಿಲ್ಲ. ಧಾರಾಳವಾಗಿ ಹಿಂಡಿ. ಪಾತ್ರೆಯಲ್ಲಿ ಈಗ 14 ಲೀಟರ್ ಸಿಹಿ ರಸ ಇರಬೇಕು. ಇದಕ್ಕೆ ವರ್ಟ್ ಎನ್ನುತ್ತಾರೆ.

ಇದನ್ನು ಮುಚ್ಚಳ ಹಾಕದೆ ಒಂದು ಗಂಟೆ ಜೋರಾಗಿ ಕುದಿಸಬೇಕು. ಮುಚ್ಚಿ ಕುದಿಸಿದರೆ ಹಾರಿಹೋಗಬೇಕಾದ ಗಂಧಕದ ವಾಸನೆ ಅಲ್ಲೇ ಉಳಿದು, ಬಿಯರ್ ಬೇಯಿಸಿದ ಕೋಸಿನ ಹಾಗೆ ನಾರುತ್ತದೆ. ಕುದಿ ಹತ್ತುವ ಹೊತ್ತಿಗೆ ನೊರೆ ಸರ್ರನೆ ಏರುತ್ತದೆ. ಆ ಐದು ನಿಮಿಷ ಫೋನು ನೋಡಬೇಡಿ, ಒಲೆಯ ಮುಂದೆಯೇ ನಿಂತಿರಿ. ಏರಿದರೆ ಉರಿ ತಗ್ಗಿಸಿ, ತಣ್ಣೀರು ಚಿಮುಕಿಸಿ. ನೊರೆ ಇಳಿದ ಮೇಲೆ 15 ಗ್ರಾಂ ಹಾಪ್ಸ್ ಹಾಕಿ ಗಂಟೆ ಲೆಕ್ಕ ಹಿಡಿಯಿರಿ, ಇದು ಕಹಿಗೆ. ಇನ್ನು ಹತ್ತು ನಿಮಿಷ ಇರುವಾಗ ಉಳಿದ 15 ಗ್ರಾಂ, ಇದು ಪರಿಮಳಕ್ಕೆ.

ಒಲೆ ಆರಿಸಿದಿರಿ. ಈಗ ನನ್ನ ಮಾತು ನೆನಪಿಗೆ ಬರಬೇಕು. ಇಲ್ಲಿಯವರೆಗೆ ಯಾವುದು ಬಿದ್ದರೂ ಕುದಿ ಕೊಂದುಹಾಕುತ್ತಿತ್ತು. ಇನ್ನು ಮೇಲೆ ಆ ರಕ್ಷಣೆ ಇಲ್ಲ. ಒಲೆ ಆರಿದ ಮೇಲೆ ಮುಟ್ಟುವ ಚಮಚ, ಥರ್ಮಾಮೀಟರ್, ಜರಡಿ, ಕೊಳವೆ, ಕತ್ತರಿ, ಯೀಸ್ಟ್ ಪ್ಯಾಕೆಟ್ಟಿನ ಹೊರಮೈ, ಎಲ್ಲವೂ ಸೋಂಕು ಕಳೆದಿರಬೇಕು.

ಇದನ್ನು ಯಾಕೆ ಇಷ್ಟು ಹಟದಿಂದ ಹೇಳುತ್ತೇನೆ ಅನ್ನುವುದಕ್ಕೆ ಕೋಪನ್‌ಹೇಗನ್‌ನ ಒಂದು ಪ್ರಸಂಗ ಹೇಳಲೇಬೇಕು. ಅಲ್ಲಿ ಜೆ. ಸಿ. ಯಾಕೋಬ್ಸೆನ್ ಅಂತ ಒಬ್ಬ ಬ್ರೂವರ್. ಒಳ್ಳೆಯ ಯೀಸ್ಟ್ ಬೇಕು ಅಂತ 1845ರಲ್ಲಿ ಮ್ಯೂನಿಕ್‌ವರೆಗೆ ಹೋದರು. ಅಲ್ಲಿನ ಸ್ಪಾಟೆನ್ ಬ್ರೂವರಿಯಿಂದ ಯೀಸ್ಟ್ ಪಡೆದು, ಕುದುರೆ ಗಾಡಿಯಲ್ಲಿ ವಾಪಸ್ ಹೊರಟರು. ದಾರಿ ನೂರಾರು ಮೈಲಿ. ಯೀಸ್ಟ್ ಬಿಸಿಯಾದರೆ ಸತ್ತೇಹೋಗುತ್ತದೆ. ಗಾಡಿ ನಿಂತಲ್ಲೆಲ್ಲ ಕೆಳಗಿಳಿದು, ಯೀಸ್ಟಿನ ಡಬ್ಬಿಯ ಮೇಲೆ ತಣ್ಣೀರು ಹಾಕಿಕೊಂಡು ಬಂದರಂತೆ. ಡಬ್ಬಿ ಇಟ್ಟಿದ್ದು ಟೋಪಿಯ ಪೆಟ್ಟಿಗೆಯಲ್ಲಿ ಅಂತಲೂ ಹೇಳುತ್ತಾರೆ. ಎರಡು ವರ್ಷದ ಮೇಲೆ, 1847ರಲ್ಲಿ, ಮಗ ಕಾರ್ಲ್‌ನ ಹೆಸರಿನಲ್ಲಿ ಗುಡ್ಡವೊಂದರ ಮೇಲೆ ಬ್ರೂವರಿ ಕಟ್ಟಿದರು. ಡೇನಿಶ್ ಭಾಷೆಯಲ್ಲಿ ಗುಡ್ಡಕ್ಕೆ ಬಿಯೆರ್ ಅಂತ ಹೆಸರು, ಹಾಗಾಗಿ ಕಾರ್ಲ್ಸ್‌ಬರ್ಗ್.

ಆಮೇಲೆ 1875ರಲ್ಲಿ ಯಾಕೋಬ್ಸೆನ್ ಒಂದು ಪ್ರಯೋಗಾಲಯವನ್ನೂ ತೆರೆದರು. ಆದರೆ ಇಷ್ಟೆಲ್ಲ ಇದ್ದ ಬ್ರೂವರಿಯಲ್ಲೇ 1880ರ ದಶಕದ ಶುರುವಿನಲ್ಲಿ ಬಿಯರ್ ಕೆಡತೊಡಗಿತು. ಕೆಟ್ಟ ಕಹಿ, ಕೆಟ್ಟ ವಾಸನೆ. ಅದೇ ಮಾಲ್ಟು, ಅದೇ ನೀರು, ಅದೇ ಕೆಲಸಗಾರರು. ಬಿಯರನ್ನು ಕೆಡಿಸುವುದು ಬ್ಯಾಕ್ಟೀರಿಯಾ ಅಂತ ಲೂಯಿ ಪಾಸ್ಟರ್ 1876ರಲ್ಲೇ ಬರೆದಿದ್ದರು. ಎಲ್ಲರೂ ಅದನ್ನೇ ಹುಡುಕುತ್ತಿದ್ದರು. ಪ್ರಯೋಗಾಲಯದಲ್ಲಿದ್ದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಮಾತ್ರ ಯೀಸ್ಟನ್ನೇ ಸೂಕ್ಷ್ಮದರ್ಶಕದ ಕೆಳಗೆ ಹಿಡಿದರು. ಒಳ್ಳೆಯ ಯೀಸ್ಟಿನ ಜೊತೆ ಕಾಡು ಯೀಸ್ಟ್ ಸೇರಿಕೊಂಡುಬಿಟ್ಟಿತ್ತು! ನೋಡಲು ಎರಡೂ ಒಂದೇ ತರಹ, ಒಂದು ಬಿಯರ್ ಮಾಡುತ್ತದೆ, ಇನ್ನೊಂದು ಕೆಡಿಸುತ್ತದೆ. ಹ್ಯಾನ್ಸನ್ ಏನು ಮಾಡಿದರು ಗೊತ್ತೇ? ಯೀಸ್ಟನ್ನು ತೆಳ್ಳಗೆ, ತೆಳ್ಳಗೆ, ಇನ್ನೂ ತೆಳ್ಳಗೆ ಮಾಡುತ್ತ ಹೋಗಿ ಒಂದೇ ಒಂದು ಕೋಶವನ್ನು ಬೇರೆ ಮಾಡಿದರು. ಆ ಒಂದು ಕೋಶದಿಂದ ಇಡೀ ಬ್ರೂವರಿಗೆ ಸಾಕಾಗುವಷ್ಟು ಬೆಳೆಸಿದರು. 1883ರಲ್ಲಿ ಆ ಶುದ್ಧ ಯೀಸ್ಟಿನಿಂದ ಬಿಯರ್ ಮಾಡಿದರು, ರೋಗ ನಿಂತಿತು. ಯಾಕೋಬ್ಸೆನ್ ಅದನ್ನು ಬಚ್ಚಿಟ್ಟುಕೊಳ್ಳಲಿಲ್ಲ, ಕೇಳಿದ ಬ್ರೂವರಿಗಳಿಗೆ ಕೊಟ್ಟರು. ಇವತ್ತು ನೀವು ಹರಿಯುವ ಆ ಸಣ್ಣ ಪ್ಯಾಕೆಟ್ಟಿನೊಳಗೆ ಹ್ಯಾನ್ಸನ್ ಅವರ ಕೆಲಸವೇ ಇದೆ. ಅಷ್ಟು ಶುದ್ಧವಾಗಿ ಬಂದದ್ದನ್ನು ತೊಳೆಯದ ಚಮಚದಿಂದ ಕದಡಿದರೆ ಏನು ಹೇಳೋಣ?

ಸ್ಟುಡಿಯೋದ ಗಡಿಯಾರ ನನ್ನನ್ನೇ ನೋಡುತ್ತಿದೆ. ಬೇಗ ಬೇಗ ಹೇಳುತ್ತೇನೆ.

ತೊಳೆಯುವುದು ಬೇರೆ, ಸೋಂಕು ಕಳೆಯುವುದು ಬೇರೆ. ಮೊದಲು ಕೊಳೆ ಹೋಗಬೇಕು, ಕೊಳೆಯ ಮೇಲೆ ಯಾವ ದ್ರಾವಣವೂ ಕೆಲಸ ಮಾಡದು. ಆಮೇಲೆ ಸ್ಟಾರ್ ಸ್ಯಾನ್‌ನಂಥ ದ್ರಾವಣ, ಲೀಟರ್ ನೀರಿಗೆ ಒಂದೂವರೆ ಮಿಲಿಲೀಟರ್. ಎರಡು ನಿಮಿಷ ಒದ್ದೆಯಾಗಿದ್ದರೆ ಆಯಿತು. ಮತ್ತೆ ನೀರಿನಲ್ಲಿ ಜಾಲಾಡಬೇಡಿ, ಜಾಲಾಡಿದರೆ ಮಾಡಿದ್ದೆಲ್ಲ ವ್ಯರ್ಥ. ನೊರೆ ಉಳಿದರೂ ಚಿಂತೆಯಿಲ್ಲ. ಗೀರು ಬಿದ್ದ ಪ್ಲಾಸ್ಟಿಕ್ ಬಕೆಟ್ಟನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ. ಆ ಗೀರಿನೊಳಗೆ ಅವಿತ ಸೋಂಕಿಗೆ ದ್ರಾವಣ ತಲುಪುವುದಿಲ್ಲ.

ಪಾತ್ರೆಯನ್ನು ಮುಚ್ಚಿ, ಮಂಜುಗಡ್ಡೆ ಹಾಕಿದ ನೀರಿನ ದೊಡ್ಡ ತೊಟ್ಟಿಯಲ್ಲಿ ಕೂರಿಸಿ 20 ಡಿಗ್ರಿಗೆ ಇಳಿಸಿ. ಮಂಜುಗಡ್ಡೆ ತೊಟ್ಟಿಗೆ, ವರ್ಟಿಗಲ್ಲ. ತಣಿದ ಮೇಲೆ ಹೈಡ್ರೋಮೀಟರ್, ಅಂದರೆ ನೀರಿಗೆ ಹೋಲಿಸಿ ರಸದ ಸಾಂದ್ರತೆ ತೋರಿಸುವ ತೇಲುಗೊಳವೆ, ಇಳಿಬಿಟ್ಟರೆ 1.046ರ ಸುತ್ತಮುತ್ತ ತೋರಿಸಬೇಕು. ಬಿಸಿ ಇರುವಾಗ ಅಳೆದು ಕಡಿಮೆ ಬಂತು ಅಂತ ಗಾಬರಿಯಾಗಬೇಡಿ, ಅದು 20 ಡಿಗ್ರಿಯ ಲೆಕ್ಕಕ್ಕೆ ಮಾಡಿದ ಉಪಕರಣ. 15 ಲೀಟರಿನ ಹುದುಗು ಪಾತ್ರೆಗೆ ಎತ್ತರದಿಂದ ಸುರಿಯಿರಿ. ಗಾಳಿ ಬೆರೆಯಲಿ, ಯೀಸ್ಟಿಗೆ ಶುರುವಿನಲ್ಲಿ ಆಮ್ಲಜನಕ ಬೇಕು. ಮೇಲಿನಿಂದ ಯೀಸ್ಟ್ ಉದುರಿಸಿ, ಮುಚ್ಚಿ, ಒಳಗಿನ ಗ್ಯಾಸು ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಏರ್‌ಲಾಕ್ ಹಾಕಿ.

18ರಿಂದ 20 ಡಿಗ್ರಿಯಲ್ಲಿ ಎರಡು ವಾರ. ಕೋಣೆಯ ಶಾಖವನ್ನಲ್ಲ, ಪಾತ್ರೆಯ ಶಾಖವನ್ನು ನೋಡಿ. ಹುದುಗುವಾಗ ಒಳಗೆ ಎರಡು ಮೂರು ಡಿಗ್ರಿ ಹೆಚ್ಚೇ ಇರುತ್ತದೆ. 25 ದಾಟಿದರೆ ಸ್ಪಿರಿಟ್ಟಿನಂಥ ಖಾರ. ನೀರು ತುಂಬಿದ ತೊಟ್ಟಿಯಲ್ಲಿ ಪಾತ್ರೆ ಇಟ್ಟು, ಹೆಪ್ಪುಗಟ್ಟಿದ ನೀರಿನ ಬಾಟಲಿ ಬೆಳಿಗ್ಗೆ ಒಂದು ಸಂಜೆ ಒಂದು ಬದಲಿಸಿದರೆ ಸಾಕು. ಗುಳ್ಳೆ ನಿಂತಿತು ಅಂದರೆ ಮುಗಿಯಿತು ಅಂತಲ್ಲ. ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆಯಿರಿ, ಎರಡೂ ಸಲ ಒಂದೇ ಅಂಕಿ, 1.011ರ ಆಸುಪಾಸು ಬಂದರೆ ಮುಗಿಯಿತು. ಅಳೆಯಲು ತೆಗೆಯುವ ಕೊಳವೆಯೂ ಸೋಂಕು ಕಳೆದಿರಬೇಕು. ಹೌದು, ಮತ್ತೆ ಅದೇ ಮಾತು.

ಬಾಟಲಿ ತುಂಬುವಾಗ ಮಾತ್ರ ಸುರಿಯಬಾರದು, ಗಾಳಿ ಸೇರಿದರೆ ಒದ್ದೆ ರಟ್ಟಿನ ರುಚಿ. ಕೊಳವೆಯ ತುದಿಯನ್ನು ತಳಕ್ಕೆ ಮುಟ್ಟಿಸಿ ಇಳಿಸಿ. ಸಕ್ಕರೆ ಲೀಟರಿಗೆ 6.5 ಗ್ರಾಂ, 10 ಲೀಟರಿಗೆ 65. ಸ್ವಲ್ಪ ನೀರಿನಲ್ಲಿ ಕುದಿಸಿ ಆರಿಸಿ, ತುಂಬುವ ಮೊದಲೇ ಬಿಯರಿಗೆ ಬೆರೆಸಿಡಿ. ತೂಗಿ ಹಾಕಿ, ಅಂದಾಜಿಗೆ ಬೇಡ. ಸಕ್ಕರೆ ಹೆಚ್ಚಾದರೂ, ಹುದುಗು ಮುಗಿಯುವ ಮೊದಲೇ ತುಂಬಿದರೂ ಗಾಜಿನ ಬಾಟಲಿ ಸಿಡಿಯುತ್ತದೆ, ಇದು ತಮಾಷೆಯಲ್ಲ. ಬಿಯರಿನದೇ ಕಂದು ಬಾಟಲಿ ಇರಲಿ, ಇಲ್ಲವೇ ಸೋಡಾದ ಪ್ಲಾಸ್ಟಿಕ್ ಬಾಟಲಿ. ಜೊತೆಗೆ ಒಂದೇ ಒಂದು ಪ್ಲಾಸ್ಟಿಕ್ ಬಾಟಲಿ ತುಂಬಿಟ್ಟರೂ ಒಳ್ಳೆಯದು, ಅಮುಕಿ ನೋಡಿದರೆ ಗ್ಯಾಸು ಎಷ್ಟು ಕಟ್ಟಿದೆ ಅಂತ ಕೈಗೇ ತಿಳಿಯುತ್ತದೆ. 20 ಡಿಗ್ರಿಯಲ್ಲಿ ಎರಡು ವಾರ, ಆಮೇಲೆ ಎರಡು ದಿನ ಫ್ರಿಜ್ಜು. ಲೋಟಕ್ಕೆ ಬಗ್ಗಿಸುವಾಗ ತಳದ ಒಂದು ಬೆರಳು ಗಸಿ ಬಾಟಲಿಯಲ್ಲೇ ಉಳಿಯಲಿ. ಸುಮಾರು ಶೇಕಡಾ 4.7 ಮದ್ಯಾಂಶದ ಬಿಯರ್ ಇದು.

ಚೀಲದ ವಿಷಯ ಹೇಳಿ ಎದ್ದುಬಿಡುತ್ತೇನೆ. ಚರಟವನ್ನು ಸುರಿದು, ಒಳಹೊರಗು ಮಗುಚಿ, ಸೋಪು ಹಾಕದೆ ಬಿಸಿನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ. ಒದ್ದೆ ಮಡಚಿಟ್ಟರೆ ಮೂರೇ ದಿನದಲ್ಲಿ ಬೂಷ್ಟು. ಅದೊಂದನ್ನು ಮಾತ್ರ ದ್ರಾವಣದಲ್ಲಿ ಅದ್ದಬೇಕಿಲ್ಲ, ಅದರ ಕೆಲಸ ಒಲೆ ಆರುವ ಮೊದಲೇ ಮುಗಿದಿರುತ್ತದೆ. ನಮಸ್ಕಾರ.