ಎಣ್ಣೆಯೊಳಗೆ ಕಿಡಿ ಹಾರಿಸಿ ಉಕ್ಕು ಕೊರೆಯುವುದು ಹೇಗೆ?

[ದೃಶ್ಯ: ಎಣ್ಣೆ ತುಂಬಿದ ಟ್ಯಾಂಕ್. ಒಳಗೆ ತಾಮ್ರದ ಎಲೆಕ್ಟ್ರೋಡ್, ಅದರ ತುದಿಯಲ್ಲಿ ನೀಲಿ ಕಿಡಿ, ಸುತ್ತ ಗುಳ್ಳೆ]

ಈ ಚರಚರ ಸದ್ದು ಕೇಳಿಸುತ್ತಿದೆ ಅಲ್ವಾ? ಎಣ್ಣೆಯೊಳಗೆ ಸೆಕೆಂಡಿಗೆ ಸಾವಿರಾರು ಕಿಡಿ ಹಾರುತ್ತಿವೆ. ಪೀಣ್ಯದ ಟೂಲ್‌ರೂಮ್‌ಗಳಲ್ಲಿ ಕೆಲಸ ಮಾಡಿದವರಿಗೆ ಇದೇನೂ ಹೊಸದಲ್ಲ, ಇದು ಇಡಿಎಂ (ಎಲೆಕ್ಟ್ರಿಕಲ್ ಡಿಸ್ಚಾರ್ಜ್ ಮಷೀನಿಂಗ್), ಅಂದರೆ ಸ್ಪಾರ್ಕ್ ಎರೋಷನ್, ಕಿಡಿಯಿಂದ ಲೋಹ ಸವೆಸುವ ವಿಧಾನ. ಬಾಟಲಿ ಮುಚ್ಚಳ, ಸ್ವಿಚ್ಚು, ಬಕೆಟ್ಟು ಮಾಡುವ ಅಚ್ಚುಗಳಲ್ಲಿ ಕಟರ್ ನುಗ್ಗದ ಮೂಲೆಗಳನ್ನು ಹೀಗೇ ಕೊರೆಯುತ್ತಾರೆ.

ಆದರೆ ಎಣ್ಣೆಯಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ, ಮತ್ತೆ ಕಿಡಿ ಹೇಗೆ?

[ದೃಶ್ಯ: ಸಂದಿನ ಕ್ಲೋಸಪ್ ಆನಿಮೇಷನ್]

ಎಲೆಕ್ಟ್ರೋಡ್ ಉಕ್ಕನ್ನು ಮುಟ್ಟುವುದೇ ಇಲ್ಲ. ನಡುವೆ 0.01ರಿಂದ 0.05 ಮಿಲಿಮೀಟರ್ ಸಂದು, ತಲೆಗೂದಲು ತೂರುವುದೂ ಕಷ್ಟ. ಇಷ್ಟು ಸಣ್ಣ ಸಂದಿಗೆ ನೂರಿನ್ನೂರು ವೋಲ್ಟ್ ಬಿದ್ದರೂ ಎಣ್ಣೆ ತಡೆಯಲಾರದು. ಒಂದು ಕಡೆ ಕರೆಂಟ್ ನುಗ್ಗುತ್ತದೆ, ಅಲ್ಲಿನ ಎಣ್ಣೆ ಆವಿಯಾಗಿ ಗುಳ್ಳೆ ಏಳುತ್ತದೆ, ಆ ಗುಳ್ಳೆಯೊಳಗೆ ಅಣುಗಳು ಒಡೆದು ಎಲೆಕ್ಟ್ರಾನ್ ಬಿಡಿಸಿಕೊಂಡು ಪ್ಲಾಸ್ಮಾ, ಅಂದರೆ ಕರೆಂಟ್ ಹರಿಸಬಲ್ಲ ಕಾದ ಅನಿಲ, ಹುಟ್ಟುತ್ತದೆ. ಬಿಸಿ ಎಷ್ಟು ಗೊತ್ತಾ? ಸುಮಾರು 8,000 ಡಿಗ್ರಿ ಸೆಲ್ಸಿಯಸ್ ಮೇಲೆ. ಉಕ್ಕು 1,500ರ ಆಸುಪಾಸಿನಲ್ಲೇ ಕರಗುತ್ತದೆ.

ಎಣ್ಣೆಗೆ ಬೆಂಕಿ ಹತ್ತುವುದಿಲ್ವಾ ಅಂತ ನೀವು ಕೇಳೇ ಕೇಳುತ್ತೀರಿ. ಒಳಗೆ ಗಾಳಿ ಇಲ್ಲವಲ್ಲ! ಆದರೆ ಎಣ್ಣೆ ಮಟ್ಟ ಇಳಿದು ಕಿಡಿ ಮೇಲಕ್ಕೆ ಬಂದರೆ ಮಾತ್ರ ಹತ್ತಿಕೊಳ್ಳಬಹುದು, ಆದ್ದರಿಂದ ಜಾಬ್, ಅಂದರೆ ಕೊರೆಯುತ್ತಿರುವ ಉಕ್ಕಿನ ತುಂಡು, ಪೂರ್ತಿ ಮುಳುಗಿ ಮೇಲೆ ಸಾಕಷ್ಟು ಎಣ್ಣೆ ನಿಂತಿರಲೇಬೇಕು.

ಇದು ಶುರುವಾದ ರೀತಿ ನನಗೆ ತುಂಬಾ ಇಷ್ಟ. 1943, ಸೋವಿಯತ್ ಒಕ್ಕೂಟ, ಯುದ್ಧದ ಸಮಯ. ಬೋರಿಸ್ ಮತ್ತು ನತಾಲ್ಯಾ ಲಜರೆಂಕೊ ದಂಪತಿಗೆ ಸ್ವಿಚ್ಚುಗಳ ಟಂಗ್‌ಸ್ಟನ್ ಕಾಂಟ್ಯಾಕ್ಟ್ ಕಿಡಿಯಿಂದ ಸವೆಯುವುದನ್ನು ತಪ್ಪಿಸಬೇಕಿತ್ತು. ಎಣ್ಣೆಯಲ್ಲಿ ಮುಳುಗಿಸಿ ನೋಡಿದರು. ಸವೆತ ನಿಲ್ಲಲಿಲ್ಲ, ಆದರೆ ಕಿಡಿಗಳು ಒಂದೇ ಸಮನಾಗಿ, ಹಿಡಿತಕ್ಕೆ ಸಿಗುವ ಹಾಗೆ ಬಂದವು. ಸರಿ, ಸವೆಸುವುದನ್ನೇ ಕೆಲಸ ಮಾಡಿಕೊಂಡರೆ ಹೇಗೆ ಅಂದುಕೊಂಡರು!

[ದೃಶ್ಯ: ಗುಳ್ಳೆ ಕುಸಿಯುವುದು, ನಿಧಾನ ಚಲನೆಯಲ್ಲಿ]

ಕಿಡಿ ಹಚ್ಚುವುದು ದೊಡ್ಡ ವಿಷಯವೇ ಅಲ್ಲ. ಆರಿಸುವುದೇ ಕಷ್ಟ. ಕರೆಂಟ್ ಕೆಲವು ಮೈಕ್ರೋಸೆಕೆಂಡು ಇದ್ದು ನಿಂತ ತಕ್ಷಣ ಗುಳ್ಳೆ ಕುಸಿಯುತ್ತದೆ, ಕರಗಿದ ಲೋಹ ಆಗ ಚಿಮ್ಮಿ ಎಣ್ಣೆಯಲ್ಲಿ ತಣ್ಣಗಾಗಿ ಸಣ್ಣ ಸಣ್ಣ ಗುಂಡುಗಳಾಗುತ್ತದೆ, ಮೇಲೆ ಒಂದು ಪುಟ್ಟ ಕುಳಿ ಉಳಿಯುತ್ತದೆ. ಈ ಪುಡಿಯೆಲ್ಲ ತೊಳೆದು ಹೋಗಬೇಕು, ಪ್ಲಾಸ್ಮಾ ಪೂರ್ತಿ ಸಾಯಬೇಕು, ಆಮೇಲೇ ಮುಂದಿನ ಕಿಡಿ. ಬೇಗ ಮುಗಿಸುವ ಆಸೆಗೆ ಆಫ್ ಟೈಮ್, ಅಂದರೆ ಎರಡು ಕಿಡಿಗಳ ನಡುವಿನ ಬಿಡುವು, ತೀರಾ ಕಡಿಮೆ ಮಾಡಿದರೆ ಕಿಡಿ ಅದೇ ಜಾಗಕ್ಕೆ ಮತ್ತೆ ಮತ್ತೆ ಬಿದ್ದು ಆರ್ಕ್, ಅಂದರೆ ಆರದೆ ಉರಿಯುವ ಕಿಡಿ, ಕಟ್ಟಿಕೊಳ್ಳುತ್ತದೆ. ಜಾಬ್ ಮೇಲೆ ಕಪ್ಪು ಗುಂಡಿ. ಅನುಭವಿ ಆಪರೇಟರ್ ಅದನ್ನು ಸದ್ದಿನಲ್ಲೇ ಹಿಡಿಯುತ್ತಾರೆ.

ಇದೇ ಕಿಡಿಯನ್ನು ತಂತಿಯಿಂದ ಹಾರಿಸಿ ಲೋಹ ಕತ್ತರಿಸುವ ವೈರ್‌ಕಟ್ ಮೆಷಿನ್‌ಗಳಲ್ಲಿ ಎಣ್ಣೆ ಬದಲು ಸಾಮಾನ್ಯವಾಗಿ ನೀರು, 0.25 ಮಿಲಿಮೀಟರ್ ಹಿತ್ತಾಳೆ ತಂತಿ. ನಲ್ಲಿ ನೀರು ನಡೆಯುವುದಿಲ್ಲ, ಅದರಲ್ಲಿರುವ ಉಪ್ಪಿನಿಂದ ಕರೆಂಟ್ ಸುಮ್ನೆ ಸೋರಿ ಹೋಗುತ್ತದೆ. ಹಾಗಾಗಿ ಅಯಾನು (ಕರೆಂಟ್ ಹೊರುವ ಉಪ್ಪಿನ ಕಣ) ಹಿಡಿದುಕೊಳ್ಳುವ ರೆಸಿನ್ ಮೂಲಕ ಹಾಯಿಸಿ, ಅವನ್ನು ತೆಗೆದ ನೀರೇ ಬೇಕು.

ಕೊನೆಗೆ ಆ ಕುಳಿ. ಕರಗಿದ ಲೋಹವೆಲ್ಲ ಚಿಮ್ಮಿ ಹೋಗುವುದಿಲ್ಲ, ಸ್ವಲ್ಪ ಅಲ್ಲೇ ಥಟ್ಟನೆ ಗಟ್ಟಿಯಾಗಿ ಗಡಸಾದ, ಬಿರುಕು ಬಿಡುವ ಪದರವಾಗುತ್ತದೆ. ಅಚ್ಚಿಗೆ ಪಾಲಿಶ್ ಮಾಡುವಾಗ ಮೊದಲು ಉಜ್ಜಿ ತೆಗೆಯಬೇಕಾದ್ದು ಅದನ್ನೇ.